ಎರಡು ಮೋಟಾರು, ಒಂದು ಮುಲ್ಕಿ ಪರೀಕ್ಷೆ

ಆಗೆಲ್ಲ ನಮ್ಮ ಕೌಜಲಗಿಗೆ ಮೋಟಾರು ಬಂತೆಂದರೆ ಮಕ್ಕಳು ಊಟ ಬಿಟ್ಟು ಓಡಿಬರುತ್ತಿದ್ದ ಕಾಲ. ಅಂಥದರಲ್ಲಿ ನಮ್ಮ ಮನೆಯಲ್ಲಿ ಎರಡಿದ್ದವು, ಎರಡೂ ಅಮೆರಿಕದವು. ಎರಡಿದ್ದದ್ದೇ ನನಗೆ ಮುಳುವಾಯಿತು.

ಅಜ್ಜನದು ಸ್ವಾತಂತ್ರ್ಯಕ್ಕೆ ಎಷ್ಟೋ ಮೊದಲಿನ ಫೋರ್ಡ್. ಎತ್ತರದ ತೆಳ್ಳನೆಯ ಗಾಲಿ, ಬಟ್ಟೆಯ ಟಾಪು. ಮುಂದೆ ನಿಂತು ಹ್ಯಾಂಡಲ್ ತಿರುವಿದರೆ ಮೈಯೆಲ್ಲ ನಡುಗಿಸಿಕೊಂಡು ಎಚ್ಚರಾಗುತ್ತಿತ್ತು. ಕಾಕಾನದು ಆಗಷ್ಟೇ ಬೆಳಗಾವಿಯಿಂದ ತಂದ ಷೆವರ್ಲೆ. ಅಗಲವಾದ ಮೆತ್ತನೆಯ ಸೀಟು, ಫಳಫಳ ಹೊಳೆಯುವ ಬಂಪರು, ಕೀಲಿ ತಿರುವಿದರೆ ಸಾಕು. ಆದರೆ ಹೊಟ್ಟೆ ನೆಲಕ್ಕೆ ಹತ್ತಿರ. ಊಟಕ್ಕೆ ಕೂತರೂ ಇಬ್ಬರದೂ ಇದೇ ಜಗಳ.

"ನಿನ್ನ ಗಾಡಿ ಮಲಗಾಕ ಚಲೋ ಐತಿ ಬಿಡಪಾ," ಎನ್ನುತ್ತಿದ್ದ ಅಜ್ಜ.

"ನಿಮ್ಮದ್ರಾಗ ಕುಂತ್ರ ಉಂಡದ್ದು ಮತ್ತ ಬಾಯಿಗೆ ಬರ್ತೈತ್ರಿ ಅಪ್ಪಾ," ಎನ್ನುತ್ತಿದ್ದ ಕಾಕಾ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ನಾನು ಗೋಕಾಕಕ್ಕೆ ಹೋಗಬೇಕಿತ್ತು. ಪಾಸಾದರೆ ಸಾಲಿಯಲ್ಲಿ ಕಲಿಸುವ ಅಕ್ಕೋರಾಗಬಹುದು. ನನಗೆ ಬೇರೆ ಆಸೆಯೇ ಇರಲಿಲ್ಲ. ಯಾರ ಗಾಡಿಯಲ್ಲಿ ಹೋಗಬೇಕೆಂದು ಮತ್ತೆ ಜಗಳ. ತನ್ನ ತಂದೆಗೂ ತಮ್ಮನಿಗೂ ನೋವಾಗಬಾರದೆಂದು ಅಪ್ಪ ಹಂಚಿಕೆ ಮಾಡಿದ: ಅರ್ಧ ದಾರಿ ಫೋರ್ಡಿನಲ್ಲಿ, ಹುಣಸೆಮರದಿಂದ ಮುಂದೆ ಷೆವರ್ಲೆಯಲ್ಲಿ. ಹೊಲ ಪಾಲು ಮಾಡಿದಂತೆ ನನ್ನನ್ನು ಪಾಲು ಮಾಡಿದರು.

ಹಿಂದಿನ ದಿನ ಅಡ್ಡಮಳೆ ಸುರಿದಿತ್ತು. ಫೋರ್ಡ್ ಕೆಮ್ಮುತ್ತ, ಕುಣಿಯುತ್ತ ಹುಣಸೆಮರ ಮುಟ್ಟಿತು. ಕೆಲಸಕ್ಕೆಂದು ಗೋಕಾಕದಲ್ಲೇ ಉಳಿದಿದ್ದ ಕಾಕಾ ಅಲ್ಲಿಂದ ಬಂದು ಕಾಯುತ್ತಿದ್ದ. ಶಾಯಿಯ ದೌತಿ, ಶೇಂಗಾ ಹೋಳಿಗೆಯ ಗಂಟು ಹಿಡಿದು ಷೆವರ್ಲೆ ಹತ್ತಿದೆ. ಗಾಡಿ ತಿರುಗಿಸಲು ಹೋಗಿ ಕಾಕಾ ಹಿಂದಿನ ಗಾಲಿಗಳನ್ನು ಎರೆಹೊಲಕ್ಕೆ ಇಳಿಸಿದ. ಅವು ಕಪ್ಪು ಕೆಸರಿನಲ್ಲಿ ಅಲ್ಲೇ ಹೂತುಹೋದವು.

ಅಜ್ಜ ಫೋರ್ಡಿನಿಂದ ಇಳಿಯಲಿಲ್ಲ. "ಅವ ಬಂದು ಕೇಳ್ಲಿ, ಕರಕೊಂಡ ಹೋಗ್ತೀನಿ," ಎಂದ.

"ನಾ ಯಾಕ ಕೇಳ್ಲಿ? ಈಗ ಮ್ಯಾಲ ಬರ್ತೈತಿ. ನೀ ಇಳೀಬ್ಯಾಡ," ಎಂದ ಕಾಕಾ. ಗಾಲಿ ತಿರುಗಿದಷ್ಟೂ ಗಾಡಿ ಆಳಕ್ಕೆ ಇಳಿಯಿತು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಅಷ್ಟರಲ್ಲಿ ನಸುಕಿನಲ್ಲೇ ಊರು ಬಿಟ್ಟಿದ್ದ ಎತ್ತಿನ ಚಕ್ಕಡಿಯೊಂದು ಬಂತು. ಅದರಲ್ಲಿ ನನ್ನ ಗೆಳತಿ ಗಂಗವ್ವ, ಅವಳಿಗೂ ಅದೇ ಪರೀಕ್ಷೆ.

"ಬಾ ಲಗೂ, ಹತ್ತು! ಹೊತ್ತಾಗಾಕತ್ತೈತಿ," ಎಂದು ಕೂಗಿದಳು.

ನಾನು ಬಾಗಿಲು ತೆರೆದೆ. ಆ ದಿನ ಅಜ್ಜ, ಕಾಕಾ ಒಂದಾದದ್ದು ಆಗ ಮಾತ್ರ.

"ಮನ್ಯಾಗ ಎರಡೆರಡು ಮೋಟಾರ ಇಟಗೊಂಡು ಚಕ್ಕಡ್ಯಾಗ ಹೋಗ್ತಿಯೇನ? ಮಂದಿ ಏನಂದಾರು?" ಎಂದು ಇಬ್ಬರೂ ಗದರಿದರು. ಚಕ್ಕಡಿ ಮುಂದೆ ಹೋಯಿತು.

ಕೊನೆಗೆ, ಹೊತ್ತು ಬಹಳ ಏರಿದ ಮೇಲೆ, ಪಕ್ಕದ ಹೊಲದವರ ಎತ್ತು ಕಟ್ಟಿ ಷೆವರ್ಲೆಯನ್ನು ಎಳೆಸಿದರು. ನಾವು ಮುಟ್ಟುವಷ್ಟರಲ್ಲಿ ಮೊದಲ ಪೇಪರು ಮುಗಿದಿತ್ತು. "ಮುಂದಿನ ವರ್ಷ ಬರೀತಾಳ ತಗೋ," ಎಂದರು ಮನೆಯವರು. ಮುಂದಿನ ವರ್ಷ ಹುಕ್ಕೇರಿಯಲ್ಲಿ ನನಗೆ ಗಂಡು ಗೊತ್ತಾಯಿತು.

ಫೋರ್ಡ್ ಗುಜರಿಗೆ ಹೋಯಿತು, ಷೆವರ್ಲೆ ಹಿತ್ತಿಲಲ್ಲಿ ತುಕ್ಕು ಹಿಡಿಯಿತು. ಯಾವುದು ಚಲೋ ಇತ್ತೆಂದು ತವರಿನವರು ಇವತ್ತಿಗೂ ವಾದಿಸುತ್ತಾರೆ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಹುಡುಗಿ ಏನು ಕಳೆದುಕೊಂಡಳೆಂದು ಒಬ್ಬರೂ ಕೇಳಲಿಲ್ಲ.

ಮಗಳನ್ನು ಹುಕ್ಕೇರಿಯ ಸಾಲಿಗೆ ಹಾಕಲು ಹೋದಾಗ ಅಲ್ಲಿ ಅಕ್ಕೋರಾಗಿ ಕೂತಿದ್ದವಳು ಗಂಗವ್ವ. ಮಗುವಿನ ಹೆಸರು ಬರೆದುಕೊಂಡು, ತಲೆ ಎತ್ತದೆ, ಎಲ್ಲ ತಾಯಂದಿರನ್ನೂ ಕೇಳುವಂತೆ ನನ್ನನ್ನೂ ಕೇಳಿದಳು:

"ಸಹಿ ಮಾಡಾಕ ಬರ್ತೈತೇನ್ರಿ, ಇಲ್ಲಾ ಹೆಬ್ಬಟ್ಟೇನ್ರಿ?"