ಮಲಗಿ ನೋಡಿದ ಜಯನಗರ

ಆ ಕಾಲದಲ್ಲಿ ನನ್ನ ಗಂಟಲಲ್ಲಿ ಒಂದು ವಠಾರವೇ ಸಂಸಾರ ಹೂಡಿತ್ತು. ಎದುರುಮನೆ ಪೋಸ್ಟ್‌ಮಾಸ್ಟರು, ಮೂಲೆ ಅಂಗಡಿ ಶೆಟ್ಟರು, ಗಣೇಶನ ಪೆಂಡಾಲಿನಲ್ಲಿ ಮೈಕ್ ಹಿಡಿದರೆ ಬಿಡದ ಸೆಕ್ರೆಟರಿ, ರೇಡಿಯೋದಲ್ಲಿ ವಾರ್ತೆ ಓದುವವರು, ಕ್ರಿಕೆಟ್ ಕಾಮೆಂಟರಿಯವರು, ಎಲ್ಲರೂ ಅಲ್ಲೇ ವಾಸ. ನನ್ನ ಸ್ವಂತ ದನಿಗೆ ಮಾತ್ರ ಜಾಗ ಇರಲಿಲ್ಲ. ಊಟದ ಹೊತ್ತಿಗೆ "ಅಮ್ಮಾ, ಅನ್ನ" ಅನ್ನೋದಕ್ಕೆ ಒಂದು ಸಲ ಇಣುಕಿ ಹೋಗೋದು, ಅಷ್ಟೇ. ಬಿ.ಕಾಂ. ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಜಯನಗರದ ಬಾಡಿಗೆ ಮನೆಯ ಕಾಂಪೌಂಡ್ ಮೇಲೆ ಕೂತು, ಹೋಗೋ ಬರೋರನ್ನೆಲ್ಲ ಗಂಟಲಿಗೆ ಇಳಿಸಿಕೊಳ್ಳೋದೇ ದಿನಚರಿ.

ನಮ್ಮ ಮನೆ ಓನರು ರಿಟೈರ್ಡ್ ಇಂಜಿನಿಯರು. ಏನೇ ಹೇಳಲಿ, ಮೊದಲು ಕೆಮ್ಮಿ, ಬೆರಳೆತ್ತಿ, "ಪಾಯಿಂಟ್ ನಂಬರ್ ಒನ್" ಅನ್ನೋರು. ಪಾಯಿಂಟ್ ನಂಬರ್ ಟೂ ಅನ್ನೋದನ್ನ ಯಾರೂ ಕೇಳಿದ್ದಿಲ್ಲ. ಒಂದು ಸಂಜೆ ಗೆಳೆಯರ ಮುಂದೆ ನಾನು ಬೆರಳೆತ್ತಿ ಅವರ ಅವತಾರ ಎತ್ತಿದ್ದೆ. ನಗುತ್ತಿದ್ದ ಗೆಳೆಯರು ಇದ್ದಕ್ಕಿದ್ದಂತೆ ಭಕ್ತರ ಹಾಗೆ ಎದ್ದು ನಿಂತರು. ತಿರುಗಿ ನೋಡಿದರೆ ಓನರು. ಕೈಯಲ್ಲಿ ಅಂಬಾಸಿಡರ್ ಕಾರಿನ ಕೀ.

"ಪಾಯಿಂಟ್ ನಂಬರ್ ಒನ್," ಅಂದರು. "ಲೈಸೆನ್ಸ್ ಇದೆಯೇನಯ್ಯಾ?"

"ಇದೆ ಸಾರ್."

"ಗುರುವಾರ ಬೆಳಿಗ್ಗೆ ಸ್ನಾನ ಮಾಡ್ಕೊಂಡು ಬಾ."

ಶಿಕ್ಷೆ ಅಂದುಕೊಂಡೆ. ಒಂಥರಾ ಶಿಕ್ಷೆಯೇ. ಆಗ ನಮ್ಮ ಬಡಾವಣೆಯಲ್ಲಿ ಕಾರಿದ್ದವರು ಬೆರಳೆಣಿಕೆ. ನಮ್ಮ ಕ್ರಾಸಿನ ರಿಟೈರ್ಡ್ ಹೆಡ್‌ಮಿಸ್ಟ್ರೆಸ್ ಒಬ್ಬರು ಅವರನ್ನೆಲ್ಲ ಕೂರಿಸಿಕೊಂಡು, ವಾರಕ್ಕೊಂದು ದಿನ ನಿಮ್ಮ ಕಾರು ನಿಮ್ಮದಲ್ಲ ಅಂತ ಹೇಳಿಬಿಟ್ಟಿದ್ದರು. ಹುಳಿಮಾವು, ಕೋಣನಕುಂಟೆ ಕಡೆಯ ಹಳ್ಳಿಗಳಲ್ಲಿ ಬಸ್ಸಿಗೆ ಹತ್ತಿಸಲಾಗದಂಥ ಕಾಯಿಲೆಯ ಮಕ್ಕಳಿದ್ದರು. ಡಾಕ್ಟರು ಬರಹೇಳಿದ ದಿನ ಅವರನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ, ವಾಪಸ್ ಮನೆ ಮುಟ್ಟಿಸೋದು ಕೆಲಸ. ಆಗಲ್ಲ ಅನ್ನುವ ಧೈರ್ಯ ಯಾರಿಗಿತ್ತು? ಕಾರಿನವರ ಮಕ್ಕಳೆಲ್ಲ ಆಕೆಯ ಕೈಲಿ ಕಿವಿ ಹಿಂಡಿಸಿಕೊಂಡೇ ಓದಿದ್ದು. ಓನರಿಗೆ ಗುರುವಾರ ಬಿತ್ತು. ಅವರಿಗೋ ಮೊಣಕಾಲು ನೋವು, ಕ್ಲಚ್ ಒತ್ತಿದರೆ ಕಣ್ಣಲ್ಲಿ ನೀರು. ಹಾಗಾಗಿ ಅವರ ಪೆಟ್ರೋಲು, ನನ್ನ ಮೊಣಕಾಲು.

ಕೋಣನಕುಂಟೆಯಲ್ಲಿ ನಮ್ಮ ಪಾಲಿಗೆ ಬಂದವನು ಏಳೆಂಟು ವರ್ಷದ ಹುಡುಗ. ಬೆನ್ನುಮೂಳೆಗೆ ಕ್ಷಯ. ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್. ಅವನ ಅಜ್ಜಿ ಅದನ್ನ 'ಸಿಮೆಂಟ್ ಅಂಗಿ' ಅಂತಿತ್ತು. ಡಾಕ್ಟರ ಅಪ್ಪಣೆ ಒಂದೇ: ತಾವು ಹೇಳೋವರೆಗೂ ಅಂಗಾತ ಮಲಗಿರಬೇಕು. ಎದ್ದು ಕೂತರೆ ಮೆತ್ತಗಾಗಿರುವ ಮೂಳೆ ಬಾಗಿ ಜೀವನಪೂರ್ತಿ ಗೂನು. ತಾಳ್ಮೆಯಿಂದ ಮಲಗಿದ್ದರೆ ಒಂದು ದಿನ ಎಲ್ಲರ ಹಾಗೆ ನೆಟ್ಟಗೆ ಕೂರ್ತಾನೆ, ನಡೀತಾನೆ.

ಅವನ ಅಪ್ಪ ಅಮ್ಮ ಬೆಳಗಿನ ಜಾವಕ್ಕೇ ಸೊಪ್ಪಿನ ಕುಕ್ಕೆ ಹೊತ್ತು ಮಾರ್ಕೆಟ್ಟಿಗೆ ಹೋಗಿರೋರು. ಮನೇಲಿ ಅಜ್ಜಿಯೊಂದೇ. ಹಳೇ ಬಾಗಿಲಿನದೊಂದು ಹಲಗೆ, ಅದರ ಮೇಲೆ ಕಂಬಳಿ, ಕಂಬಳಿ ಮೇಲೆ ಹುಡುಗ. ಪಕ್ಕದ ಮನೆಯವರೂ ನಾನೂ ಸೇರಿ ಹಲಗೆ ಸಮೇತ ಎತ್ತಿ ಹಿಂದಿನ ಸೀಟಿಗೆ ತೂರಿಸೋದು. ಅಜ್ಜಿ ಸೀಟಿನ ಮೇಲೆ ಕೂರುತ್ತಿರಲಿಲ್ಲ, ಹೊಟ್ಟೆ ತೊಳಸುತ್ತಂತೆ. ಮೊಮ್ಮಗನ ಪಕ್ಕ ಕಾಲಿಡುವ ಜಾಗದಲ್ಲೇ ಕುಕ್ಕರಗಾಲಲ್ಲಿ ಕೂತು, ಅವನ ಕೈ ಹಿಡಿದುಕೊಂಡು, "ಡ್ರೈವರಪ್ಪಾ, ಮೊಟ್ಟೆ ಮಂಕ್ರಿ ಹೊತ್ಕಂಡಂಗೆ ಹೋಗು" ಅಂತಿತ್ತು. ನಾನು ಬಿ.ಕಾಂ. ಅಂತ ಎಷ್ಟು ಹೇಳಿದರೂ ನಾನು ಡ್ರೈವರಪ್ಪನೇ.

ಮೊದಲ ಗುರುವಾರ ಮೊಟ್ಟೆ ಮಂಕ್ರಿಯ ಹಾಗೇ ಹೋದೆ. ಆದರೆ ಕನಕಪುರ ರಸ್ತೆ ಕೇಳಬೇಕಲ್ಲ. ಒಂದೊಂದು ಗುಂಡಿಗೂ ಹಿಂದಿನಿಂದ ಹುಡುಗ ಚೀರಿದ. ನಮಗಾದರೆ ಗುಂಡಿ ಬರೋದು ಕಾಣುತ್ತೆ, ಮೈ ಬಿಗಿ ಹಿಡೀತೀವಿ. ಅವನಿಗೆ ಕಾಣೋದು ಕಾರಿನ ಟಾಪು, ಅರ್ಧ ಕಿಟಕಿ. ಗುಂಡಿ ಬಂದು ಒದ್ದ ಮೇಲೇ ಗೊತ್ತಾಗೋದು.

ಮುಂದಿನ ವಾರ ವಠಾರದಿಂದ ಕಾಮೆಂಟರಿಯವರನ್ನ ಎಬ್ಬಿಸಿದೆ. "ಸಾರಕ್ಕಿ ಎಂಡ್‌ನಿಂದ ಒಂದು ಗುಂಡಿ ಓಡಿ ಬರ್ತಾ ಇದೆ. ಭಾರಿ ಗುಂಡಿ. ಬ್ಯಾಟ್ಸ್‌ಮನ್ ಹಲ್ಲು ಕಚ್ಚಿದಾರೆ, ಅಜ್ಜಿ ಕೈ ಹಿಡಿದಿದಾರೆ, ಬಂತು, ಬಂತು... ಡಿಫೆನ್ಸ್! ಏನೂ ಆಗಿಲ್ಲ!"

ಹಿಂದಿನಿಂದ ಚೀರಾಟ ಬರಲಿಲ್ಲ. ಕಿಸಕ್ಕಂತ ನಗು ಬಂತು.

ನಗು ಬಂದರೆ ನಾನು ನಿಲ್ಲಿಸೋನಲ್ಲ, ಅದೇ ನನ್ನ ರೋಗ. ಗುಂಡಿ ಸಾಲದು ಅನ್ನಿಸಿತು. ಬನಶಂಕರಿ ಹತ್ತಿರ ಛತ್ರಿ ಕೆಳಗೆ ನಿಲ್ಲುವ ಟ್ರಾಫಿಕ್ ಪೊಲೀಸಪ್ಪನಿಗೆ ಹೊಟ್ಟೆ ಬೆಳೆಸಿದೆ. "ಹೊಟ್ಟೆ ಛತ್ರಿಯಿಂದಾಚೆ ಬಂದಿದೆ ಕಣೋ, ಮಳೆ ಬಂದ್ರೆ ತಲೆ ಒಣಗಿರುತ್ತೆ, ಹೊಟ್ಟೆ ಮಾತ್ರ ನೆನೆಯುತ್ತೆ!" ಹುಡುಗ ನಕ್ಕು ನಕ್ಕು ಸಿಮೆಂಟ್ ಅಂಗಿ ಅದುರಿತು. ಅದರ ಮುಂದಿನ ವಾರ ಸೌತ್ ಎಂಡ್ ಸರ್ಕಲ್ಲಿಗೆ ಒಂದು ಆನೆ ತಂದು ನಿಲ್ಲಿಸಿದೆ. "ಪೊಲೀಸಪ್ಪ ಕೈ ಅಡ್ಡ ಹಿಡಿದಿದಾನೆ, ಆನೆ ನಿಂತಿದೆ, ಸೊಂಡಿಲೆತ್ತಿ ಸಲ್ಯೂಟ್ ಹೊಡೀತಾ ಇದೆ..."

"ಎಲ್ಲಣ್ಣೋ?" ಅಂದ ಹುಡುಗ. ಮರುಕ್ಷಣ ಅಜ್ಜಿ ಕಿಟಾರನೆ ಕಿರುಚಿತು. ಬ್ರೇಕ್ ಹಾಕಿ ತಿರುಗಿದೆ. ಹುಡುಗ ಮೊಣಕೈ ಊರಿ ಎದ್ದು, ಕಿಟಕಿಯಾಚೆ ಕತ್ತು ಚಾಚಿ ಆನೆ ಹುಡುಕುತ್ತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಮತ್ತೆ ಎಕ್ಸ್‌ರೇ ತೆಗೆಸಿದರು. ಅದು ಬರುವವರೆಗೆ ನನ್ನ ವಠಾರದಲ್ಲಿ ಒಂದು ಮನೆಯಲ್ಲೂ ದೀಪ ಇರಲಿಲ್ಲ. ಪುಣ್ಯಕ್ಕೆ ಮೂಳೆಗೆ ಏನೂ ಆಗಿರಲಿಲ್ಲ.

"ಯಾರ್ರೀ ಇವನಿಗೆ ಆನೆ ತೋರಿಸಿದ್ದು?" ಡಾಕ್ಟರು ಕೇಳಿದರು.

"ಆನೆ ಇರ್ಲಿಲ್ಲ ಸಾರ್."

"ಇಲ್ಲದ ಆನೆಗೇ ಹೀಗೆ ಎದ್ದಿದಾನಾ? ನೋಡಿ, ಇನ್ನೊಂದು ಸಲ ಎದ್ರೆ ನೆಟ್ಟಗೆ ಕೂರೋ ಆಸೆ ಬಿಟ್ಬಿಡಿ."

ವಾಪಸ್ ಬರುವಾಗ ಅಜ್ಜಿ ಒಂದೇ ಮಾತು ಹೇಳಿತು. "ಮುಂದಿನ್ವಾರ ನಿನ್ ಬಾಯಿಗೂ ಒಂದು ಸಿಮೆಂಟ್ ಅಂಗಿ ಹಾಕುಸ್ತೀನಿ ಕಣ್ಲಾ."

ಮುಂದಿನ ವಾರ ನಾನೇ ಹಾಕಿಕೊಂಡು ಹೋದೆ. ತುಟಿ ಪಿಟಕ್ಕೆನ್ನಲಿಲ್ಲ. ಸಾರಕ್ಕಿ ಮೋರಿ ದಾಟುವಾಗ ಕಾರು ಎಗರಿತು, ಹುಡುಗ ಅತ್ತುಬಿಟ್ಟ. "ಮೋರಿ ಬತ್ತದೆ ಅಂತ ಯೋಳ್ಬಾರದೇನ್ಲಾ?" ಅಜ್ಜಿ ಗದರಿತು.

"ನೀನೇ ಬಾಯಿ ಮುಚ್ಚು ಅಂದ್ಯಲ್ಲಜ್ಜಿ!"

"ಗುಂಡಿ ಯೋಳು. ಆನೆ ಯೋಳ್ಬ್ಯಾಡ."

"ಬರೀ ಗುಂಡಿ ಬ್ಯಾಡ," ಅಂದ ಹುಡುಗ, ಮೂಗು ಒರೆಸಿಕೊಳ್ಳುತ್ತಾ. ಮಾತು ಮುಗಿಯುವ ಮೊದಲೇ ಕತ್ತು ಆಗಲೇ ಕಿಟಕಿಯ ಕಡೆ ಹೊರಟಿತ್ತು. ಹೇಳಿದರೆ ಏಳುತ್ತಾನೆ, ಹೇಳದಿದ್ದರೆ ಅಳುತ್ತಾನೆ.

ಅವತ್ತು ಕೀ ವಾಪಸ್ ಕೊಡುವಾಗ ಓನರಿಗೆ ಎಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗೇ ನಿಂತಿದ್ದೆ. ಅವರು ಕೆಮ್ಮಿದರು. "ಪಾಯಿಂಟ್ ನಂಬರ್ ಒನ್. ಆ ಹಲಗೆ ಮೇಲೆ ನೀನು ಯಾವತ್ತಾದ್ರೂ ಮಲಗಿ ನೋಡಿದೀಯೇನಯ್ಯಾ?"

ಭಾನುವಾರ ಅವರೇ ಸ್ಟಿಯರಿಂಗ್ ಹಿಡಿದು, ನನ್ನನ್ನು ಕೋಣನಕುಂಟೆಗೆ ಕರೆದುಕೊಂಡು ಹೋಗಿ, ಆ ಹಳೇ ಬಾಗಿಲಿನ ಇನ್ನೊಂದು ಹಲಗೆ ಇಸಿದುಕೊಂಡು, ಹಿಂದಿನ ಸೀಟಿನಲ್ಲಿ ನನ್ನನ್ನು ಅಂಗಾತ ಮಲಗಿಸಿದರು. ಕ್ಲಚ್ಚಿಗೆ ಹೆದರಿ ಇಡೀ ದಾರಿ ಸೆಕೆಂಡ್ ಗೇರ್. ನಾನು ಆಳುದ್ದ, ಕಾಲು ಒಳಗೆ ಹಿಡಿಸಲಿಲ್ಲ, ಕಿಟಕಿಯಿಂದ ಹೊರಗೆ ಬಿಟ್ಟುಕೊಂಡೆ. ಸಾರಕ್ಕಿ ಹತ್ತಿರ ಸೈಕಲ್ಲಿನವರೊಬ್ಬರು ನನ್ನ ಪಾದ ನೋಡಿ, ಇಳಿದು, ತಲೆಗೆ ಸುತ್ತಿದ್ದ ಟವೆಲ್ ತೆಗೆದು ಕೈಮುಗಿದರು. "ಪಾಪ, ಹೆಬ್ಬೆರಳು ಅಲ್ಲಾಡಿಸಿ ತೋರ್ಸಯ್ಯಾ ಅವರಿಗೆ," ಅಂದರು ಓನರು. ಅಲ್ಲಾಡಿಸಿದೆ. ಅವರು ಸೈಕಲ್ ಬಿಟ್ಟು ಓಡಿದರು.

ಆಮೇಲೆ ನಗು ನಿಂತಿತು. ಮಲಗಿದರೆ ಊರೇ ಬೇರೆ. ಅಲ್ಲಿ ರಸ್ತೆ ಇಲ್ಲ, ಜನ ಇಲ್ಲ. ಕನಕಪುರ ರಸ್ತೆಯ ಎರಡೂ ಬದಿಯ ಹುಣಸೆಮರಗಳು ನೆತ್ತಿಯ ಮೇಲೆ ಕೈ ಕೈ ಹಿಡಿದುಕೊಂಡು, ಹಸಿರು ಜರಡಿಯಿಂದ ಬಿಸಿಲು ಜಾಲಿಸುತ್ತಿದ್ದವು. ಮರ ಮುಗಿದು ಬರೀ ಆಕಾಶ ಬಂದರೆ ಸಾರಕ್ಕಿ ಕೆರೆ ಬಂತು ಅಂತ. ನೀರು ಕಾಣದಿದ್ದರೂ ಕೊಕ್ಕರೆ ಕಾಣುತ್ತೆ. ಗೋಪುರದ ಕಳಸ ಬಂದರೆ ಬನಶಂಕರಿ. ಆಮೇಲೆ ಜಯನಗರದ ತಾರಸಿಗಳು, ಒಣಗಿಸಿದ ಸೀರೆಗಳು, ಲೈಟುಕಂಬದ ತಂತಿಗೆ ಸಿಕ್ಕಿಕೊಂಡ ಆಷಾಢದ ಗಾಳಿಪಟ. ಗುಂಡಿ ಬೆನ್ನಿಗೆ ಒದೆಯುವ ಮುಂಚೆ ಕಾರಿನ ಮೂತಿ ಒಂದಿಷ್ಟು ತಗ್ಗುತ್ತೆ, ಅದೂ ಗೊತ್ತಾಯಿತು. ಕೊನೆಗೆ ಕಂಬದ ತುದಿಯಲ್ಲಿ ಸಿಂಹಗಳು. ಅಶೋಕ ಪಿಲ್ಲರ್! ದಿನಾ ಅದರ ಬುಡದಲ್ಲೇ ಹರಟೆ ಹೊಡೆದವನು ನಾನು. ಒಂದು ದಿನ ತಲೆ ಎತ್ತಿ ಅವುಗಳ ಮುಖ ನೋಡಿರಲಿಲ್ಲ.

ಮನೆ ಗೇಟಿನಲ್ಲಿ ಕಾರು ನಿಲ್ಲಿಸಿ ಓನರು ಮೊಣಕಾಲು ನೀವಿಕೊಂಡರು. "ಪಾಯಿಂಟ್ ನಂಬರ್ ಟೂ," ಅಂದರು. ನಾನು ಹಲಗೆಯಿಂದ ಬೀಳೋದೊಂದು ಬಾಕಿ. "ಅವನಿಗೆ ಕಾಣೋದನ್ನೇ ಹೇಳು. ಆಗ ಅವನು ಯಾಕಯ್ಯಾ ಏಳ್ತಾನೆ?"

ಗುರುವಾರ ಮೈಕು ಮೇಲಕ್ಕೆ ತಿರುಗಿಸಿದೆ. "ಈಗ ಹುಣಸೆಮರಗಳು ಬ್ಯಾಟಿಂಗ್ ಮಾಡ್ತಾ ಇವೆ. ಆಹಾ, ಅಳಿಲೊಂದು ರನ್ ತಗೊಳ್ತಾ ಇದೆ, ಎಡಗಡೆ ಕಿಟಕಿ ನೋಡಿ..." ಹುಡುಗ ಕಣ್ಣಷ್ಟೇ ಹೊರಳಿಸಿದ. "ಕಾಣ್ತದಣ್ಣೋ!" ಬೆನ್ನು ಹಲಗೆ ಬಿಡಲಿಲ್ಲ. ಅಜ್ಜಿ ಕೂಡ ಕತ್ತು ಮೇಲೆತ್ತಿ, "ಎಲ್ಲೈತ್ಲಾ ಅಳಿಲು?" ಅಂತ ಹುಡುಕಿತು.

ಹಾಗೆ ಎಷ್ಟೋ ಗುರುವಾರ. ರೆಕ್ಸಿನ್ ಸೀಟಿನ ಕಾದ ವಾಸನೆ, ಅಜ್ಜಿಯ ಎಲೆಅಡಿಕೆ, ಅವರೆಕಾಯಿ ಕಾಲ ಬಂದರೆ ಮುಂದಿನ ಸೀಟಿನಲ್ಲಿ ನನಗಂತ ಇಟ್ಟ ಒಂದು ಪೊಟ್ಟಣ ಸೊಗಡು. ತಂತಿಯ ಗಾಳಿಪಟ ವಾರವಾರಕ್ಕೂ ಹರಿದು ಕೊನೆಗೆ ಎರಡು ಕಡ್ಡಿ ಉಳಿಯಿತು. ಬರಬರುತ್ತಾ ಹುಡುಗ ನನಗಿಂತ ಮುಂಚೆ ಹೇಳತೊಡಗಿದ: "ಕೊಕ್ಕರೆ ಬಂದ್ವು, ಮೋರಿ ಬತ್ತದೆ ನೋಡಣ್ಣ." ಒಂದು ದಿನ ಅಶೋಕ ಪಿಲ್ಲರ್ ಹತ್ತಿರ ತಕರಾರು ತೆಗೆದ. "ರೂಪಾಯಿ ಮೇಲೆ ಮೂರೇ ಸಿಂಹ, ಇಲ್ಲೂ ಮೂರೇ. ನಾಕು ಅಂದ್ಯಲ್ಲ?" ಸರಿ, ಕಂಬವನ್ನ ಒಂದು ಸುತ್ತು ಹಾಕಿದೆ. ಹಿಂದಿನ ಸಿಂಹ ಬಂತು, ಮುಂದಿನದು ಅಡಗಿತು. "ಇನ್ನೊಂದ್ ಸಲ!" ಇನ್ನೊಂದು ಸುತ್ತು. ಮೂರನೇ ಸುತ್ತಿಗೆ ಅಜ್ಜಿ, "ಸಿಂಹ ಆಳಾಗೋಗ್ಲಿ, ನಂಗೆ ವಾಂತಿ ಬತ್ತದೆ" ಅಂದಮೇಲೆ ಆಸ್ಪತ್ರೆ ದಾರಿ ಹಿಡಿದೆವು.

ಈಗ ಆ ಹುಣಸೆಮರಗಳಲ್ಲಿ ಸುಮಾರು ಹೋಗಿವೆ. ರಸ್ತೆ ಸಲೀಸಾಗಿದೆ, ಒಪ್ಪುತ್ತೇನೆ. ಆದರೂ ಬಸ್ಸಿನಲ್ಲಿ ಆ ಕಡೆ ಹೋದಾಗೆಲ್ಲ ನಾನು ಕಿಟಕಿಗೆ ಒರಗಿ ಮೇಲೆ ನೋಡುತ್ತೇನೆ. ಕಂಡಕ್ಟರಿಗೆ ನಾನು ಟಿಕೆಟ್ ತಪ್ಪಿಸುವವನ ಹಾಗೆ ಕಾಣುತ್ತೇನೋ ಏನೋ.

ಕೊನೆಯ ಗುರುವಾರ ಡಾಕ್ಟರು ಎಕ್ಸ್‌ರೇಯನ್ನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಜ್ಜಿ ಡಾಕ್ಟರ ಮುಖ ನೋಡುತ್ತಿತ್ತು, ನಾನು ಅಜ್ಜಿಯ ಮುಖ. ಪ್ಲಾಸ್ಟರ್ ಕತ್ತರಿಸಿ ತೆಗೆದರು. ಒಳಗಿದ್ದ ಮೈ ಬೆಳ್ಳಗೆ ಬಿಳಿಚಿಕೊಂಡಿತ್ತು. ಸೊಂಟಕ್ಕೊಂದು ಬೆಲ್ಟ್ ಬಿಗಿದು, ಹೆಗಲ ಹಿಂದೆ ಕೈ ಕೊಟ್ಟು, "ಎಲ್ಲಿ, ಏಳಪ್ಪಾ" ಅಂದರು. ಹುಡುಗ ಏಳಲಿಲ್ಲ. ನನ್ನ ಕಡೆ ನೋಡಿದ.

"ಎದ್ರೆ ಬೈತಾರೆ," ಅಂದ.

"ಇವತ್ತು ಬೈಯಲ್ಲ ಮಗಾ, ಏಳು," ಅಂದೆ. ಯಾರ ದನಿಯಲ್ಲಿ ಅಂದೆನೋ, ನೆನಪಿಲ್ಲ.

ಕೂತ. ತಲೆ ಸುತ್ತಿತು ಅಂತ ಕಣ್ಣು ಮುಚ್ಚಿ ತೆರೆದ. ಬೆನ್ನು ನೆಟ್ಟಗಿತ್ತು. "ಕೂರಿಸಿಕೊಂಡೇ ಮನೆಗೆ ಹೋಗಿ," ಅಂದರು ಡಾಕ್ಟರು. ಅಜ್ಜಿ ಮೂಲೆಗೆ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ತಿರುಗಿ ಬಂದು, ನಾನೇ ಏನೋ ಮಾಡಿದವನಂತೆ ನನ್ನನ್ನ ದುರುಗುಟ್ಟಿ ನೋಡಿತು.

ಅವತ್ತು ಅಜ್ಜಿ ಮೊದಲ ಸಲ ಸೀಟಿನ ಮೇಲೆ ಕೂತಿತು. ಮುಂದುಗಡೆ, ಮೊಮ್ಮಗನನ್ನು ತಬ್ಬಿಕೊಂಡು. ಹಿಂದೆ ಹಲಗೆ ಒಂದೇ ಮಲಗಿತ್ತು. ಹುಡುಗ ಕಣ್ಣರಳಿಸಿ ರಸ್ತೆ ನೋಡುತ್ತಾ ಬಂದ. ಸೌತ್ ಎಂಡ್ ಸರ್ಕಲ್ ಬಂತು, ಹೋಯ್ತು. ಬನಶಂಕರಿಯ ಪೊಲೀಸಪ್ಪ ಛತ್ರಿ ಕೆಳಗೆ ನಿಂತಿದ್ದ, ಛತ್ರಿ ಕೋಲಿಗಿಂತ ಸಣ್ಣಗೆ.

"ಇವ್ನಾ?"

"ಇವನೇ."

"ಹೊಟ್ಟೆ?"

"ಮನೇಲಿ ಬಿಟ್ಟು ಬಂದಿದಾನೆ."

ಹುಡುಗ ನನ್ನನ್ನೇ ಒಂದು ನಿಮಿಷ ನೋಡಿದ. ಅವಮಾನ ಅಂದರೆ ಅದು. ಆಮೇಲೆ ರಸ್ತೆಗೆ ತಿರುಗಿ, ಕೆಮ್ಮಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದ. "ಈಗ ಸಾರಕ್ಕಿ ಎಂಡ್‌ನಿಂದ ಒಂದು ಮೋರಿ ಓಡಿ ಬರ್ತಾ ಇದೆ. ಭಾರಿ ಮೋರಿ. ಅಜ್ಜಿ ಹಲ್ಲು ಕಚ್ಚಿದಾರೆ, ಡ್ರೈವರಪ್ಪ ಬಾಯಿ ಬಿಟ್ಕೊಂಡಿದಾರೆ..."

ಅದು ಕಾಮೆಂಟರಿಯವರ ದನಿಯಲ್ಲ. ಶೆಟ್ಟರದಲ್ಲ, ಓನರದಲ್ಲ. ಮಾತಿನ ಮಧ್ಯೆ ಮೂಗಿನಿಂದ ಉಸಿರೆಳೆದುಕೊಳ್ಳೋದು, ಕೊನೆಯಲ್ಲಿ ಸ್ವಲ್ಪ ಕೀರಲಾಗೋದು. ಎಲ್ಲೋ ಕೇಳಿದೀನಲ್ಲ ಅಂತ ಯೋಚಿಸಿದೆ. ನನ್ನದು! ಇಡೀ ಬೆಂಗಳೂರನ್ನು ಅಣಕಿಸಿದ ನನ್ನನ್ನು ಅವತ್ತಿನವರೆಗೆ ಯಾರೂ ಅಣಕಿಸಿರಲಿಲ್ಲ. ಅಜ್ಜಿ ಎಲೆಅಡಿಕೆ ಬಾಯಲ್ಲಿ ಗಹಗಹಿಸಿ ನಕ್ಕಿತು. "ಇವ್ನೇ ಕಣ್ಲಾ, ಥೇಟ್ ಇವ್ನೇ!"

"ಬಂತು, ಬಂತು..." ಅಂದ ಹುಡುಗ.

ನಾನು ಅವನನ್ನೇ ಕೇಳುತ್ತಾ ಕೂತುಬಿಟ್ಟಿದ್ದೆ. ಬ್ರೇಕ್ ಒತ್ತುವಷ್ಟರಲ್ಲಿ ಅಂಬಾಸಿಡರ್ ಮೋರಿ ಮೇಲೆ ಎಗರಿ ಇಳಿಯಿತು. ಹಿಂದೆ ಹಲಗೆ ದಡಾರಂತ ಕೆಳಗೆ ಬಿತ್ತು. ಅಜ್ಜಿ ನನ್ನ ವಂಶವನ್ನೆಲ್ಲ ಕರೆದು ಬೈತು. ನಾನು ಪಕ್ಕಕ್ಕೆ ತಿರುಗಿದೆ.

"ಡಿಫೆನ್ಸ್," ಅಂದ ಹುಡುಗ. ಕೂತೇ ಇದ್ದ.