ಚೀಟಿಗೆ ಹೊಂದಿದ ಮುದುಕಿ

ನಿಜಾಮನ ಆಳ್ವಿಕಿ ತಗದ ಪೊಲೀಸ್ ಆ್ಯಕ್ಷನ್ ಮುಗದ ಹೊಸದಾಗಿ, ಪರವಾನಗಿ ಚೀಟಿ ಇಲ್ದೇ ತಪಾಸಣಿ ನಾಕಾ ದಾಟಂಗಿರಲಿಲ್ಲ. ನಾ ಕಮಲಾಪುರದ ಕೆಂಪು ಬಾಳೆಹಣ್ಣು ಬಂಡ್ಯಾಗ ಹೇರಿಕೊಂಡು ಕಲಬುರ್ಗಿಗೆ ಹೊಂಟಿದ್ದೆ. ನಮ್ಮ ಓಣಿ ಸೂಲಗಿತ್ತಿ ಸಿದ್ದಮ್ಮಾಯಿ ಜೋಡಿ ಇದ್ದಳು. ಕಲಬುರ್ಗ್ಯಾಗ ಆಕಿ ಮೊಮ್ಮಗಳಿಗೆ ಹೆರಿಗೆ ಬ್ಯಾನಿ ಸುರುವಾಗಿತ್ತು.

ನಾಕಾದ ಮುನ್ಶಿ ಚೀಟಿ ಓದಿ, ಆಯೀನ ಮ್ಯಾಲಿಂದ ಕೆಳಗ ನೋಡಿದ. "ಉಮರ್ ತೊಂಬತ್ತು ಅಂತ ಬರದಾರ. ಇದು ಬ್ಯಾರೆಯವರ ಚೀಟಿ, ವಾಪಸ್ ನಡೀರಿ!"

ಸುಮ್ಮನಿರೋ ಮನಷ್ಯಾ ನಾ ಅಲ್ಲ. "ಸಾಹೇಬ್ರ, ಆಕಿಗಿ ತೊಂಬತ್ತು ಖರೇನ ಅದ, ಆದ್ರ ಆಯಿ ಬಂಡಿ ಹತ್ತೇ ಇಲ್ಲ, ಕಮಲಾಪುರದಿಂದ ನಡಕೋತ ಬಂದಾಳ. ಜ್ವಾಳದ ಕಟಕ ರೊಟ್ಟಿ ಹಲ್ಲಿಲೆ ಮುರೀತಾಳ. ಹೊಟ್ಟಿ ಇನ್ನೊಂದು ರೊಟ್ಟಿ ಕೇಳೋವಾಗ್ಲೇ ಕೈ ತೊಳೀತಾಳ. ಮುಂಜಾನೆ ಕೋಳಿನ ಎಬ್ಬಸಾಕಿನೇ ಈಕಿ!"

"ಅದಕ್ಕೇ ಹೇಳ್ತೀನಿ, ಈಕಿ ತೊಂಬತ್ತರಾಕಿ ಅಲ್ಲ!"

ಆಯಿ ನನ್ನ ಕಿವಿ ಹಿಂಡಿದಳು. "ಅಲ್ಲಿ ಮೊಮ್ಮಗಳು ಬ್ಯಾನಿ ತಿನ್ಲಾಕತ್ತಾಳ, ಇಲ್ಲಿ ನೀ ನನ್ನ ಹೊಗಳ್ಲಾಕತ್ತಿ!" ಅಂದಾಕಿನೇ ನನ್ನ ಬಾರಕೋಲು ಕಸಗೊಂಡು ಊರಿ, ಬೆನ್ನು ಬಗ್ಗಿಸಿ, ಕೈ ನಡುಗಿಸಿ, "ಕಣ್ಣು ಕಾಣಂಗಿಲ್ಲ ಮಗಾ, ದಾರಿ ಎಲ್ಲದ?" ಅಂತ ಕೆಮ್ಮಿದಳು.

ಮುನ್ಶಿ ನಕ್ಕೋತ ಠಸ್ಸೆ ಒತ್ತಿದ. "ಹಾಂ, ಈಗ ಚೀಟಿಗೆ ಹೊಂದಿದಿ ನೋಡು."

ನಾಕಾ ದಾಟಿದ್ದೇ ತಡ, ಆಯಿ ನೆಟ್ಟಗಾಗಿ ಹೆಂಗ ಹೊಂಟಳಂದ್ರ, ನನ್ನ ಎತ್ತು ಓಡಿದ್ರೂ ಹಿಂದೇ ಉಳದವು. ನಾ ಮುಟ್ಟೂದ್ರಾಗ ಕೂಸು ಹುಟ್ಟಿ, ಎರಕೊಂಡು ತೊಟ್ಟಲದಾಗ ಮಲಗಿತ್ತು.

ಅವತ್ತಿಂದ ನಾನೂ ಆಕಿಯಂಗ ನಡದು, ಆಕಿಯಂಗ ಉಂಡೀನಿ. ನಂದೂ ತೊಂಬತ್ತು ದಾಟ್ಯಾದ. ಪಿಂಚಣಿ ಕಚೇರಿಗೆ ಮಾತ್ರ ಬೆನ್ನು ಬಗ್ಗಿಸಿಕೊಂಡೇ ಹೋಗ್ತೀನಿ.