ಡೆಮೊ ಕ್ಲಾಸಿಗೆ ಬಂದ ಗಂಡ

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗಿನ ಮಾತು. ನಾಗರಬಾವಿ ಕಡೆಯ ವಿಶ್ವವಿದ್ಯಾಲಯವೊಂದರಲ್ಲಿ ಮಹಿಳಾ ಅಧ್ಯಯನ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಲಿಂಗತ್ವ ಅಧ್ಯಯನದ ಪಾಠಕ್ಕೆ ಒಬ್ಬ ಅತಿಥಿ ಉಪನ್ಯಾಸಕರು ಬೇಕಾಗಿದ್ದರು. ಅತಿಥಿ ಎಂಬ ಹೆಸರಿಗೆ ಮರುಳಾಗಬೇಡಿ. ವಾರಕ್ಕೆ ಕೆಲವೇ ಗಂಟೆಗಳ ಪಾಠ, ಒಂದೇ ಸೆಮಿಸ್ಟರಿನ ನೇಮಕ, ಮುಂದಿನ ಸೆಮಿಸ್ಟರಿಗೆ ಮತ್ತೆ ಮೊದಲಿನಿಂದ ಸಂದರ್ಶನ. ಇಂಥ ಅತಿಥಿ ಸತ್ಕಾರ ನಮ್ಮಲ್ಲೇ ಉಂಟು.

ಸಂದರ್ಶನಕ್ಕೆ ಮುಂಚೆ ಡೆಮೊ ಕ್ಲಾಸ್. ಅಭ್ಯರ್ಥಿ ನಮ್ಮ ಎಂ.ಎ. ವಿದ್ಯಾರ್ಥಿಗಳಿಗೆ ಸ್ವಲ್ಪ ಹೊತ್ತು ಪಾಠ ಮಾಡಬೇಕು, ಆಯ್ಕೆ ಸಮಿತಿಯವರು ಪಕ್ಕದಲ್ಲಿ ಕುಳಿತು ಅಂಕ ಹಾಕಬೇಕು. ಆ ದಿನದ ಕೊನೆಯ ಸರದಿ ಲಗ್ಗೆರೆಯಿಂದ ಬಂದಿದ್ದ ಗಿರಿಜಾ ಎಂಬ ಹೆಣ್ಣುಮಗಳದು. ಜೊತೆಗೆ ಗಂಡನೂ ಬಂದಿದ್ದ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಹೆಂಡತಿಯ ಫೈಲು, ಹೆಗಲಲ್ಲಿ ಹೆಂಡತಿಯ ಬ್ಯಾಗು, ಕಂಡವರಿಗೆಲ್ಲ ನಮಸ್ಕಾರ. ನಮ್ಮವರೆಲ್ಲ ಕರಗಿ ನೀರಾದರು. ಸಮಿತಿಯಲ್ಲಿ ಪ್ರಭಾಕರ್ ಎಂಬ ಸಹೋದ್ಯೋಗಿ ಇದ್ದರು. ಗಂಡಸರೂ ಮನೆಗೆಲಸದಲ್ಲಿ ಕೈಜೋಡಿಸಬೇಕು ಎಂದು ವರ್ಷಕ್ಕೊಂದು ವಿಚಾರ ಸಂಕಿರಣ ಮಾಡುವವರು.

"ಇಂಥ ಗಂಡಸ್ರು ಬೇಕು ನಮಗೆ. ಹೊರಗ್ಯಾಕೆ ಕೂತ್ಕೋತೀರಾ ಸಾರ್? ಒಳಗ್ ಬನ್ನಿ, ನೀವೂ ಕ್ಲಾಸ್ ಕೇಳಿ" ಎಂದು ಕರೆದೇಬಿಟ್ಟರು.

ಬೇರೆ ಯಾವ ವಿಭಾಗದಲ್ಲೂ ಅಭ್ಯರ್ಥಿಯ ಗಂಡನನ್ನು ಹೀಗೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನಾವು ಸಮಾನತೆ ಓದಿದವರು ನೋಡಿ, ಬಿಟ್ಟುಕೊಂಡೆವು. ನನಗೆ ಮಾತ್ರ ಅಷ್ಟೊಂದು ಕೈಮುಗಿಯುವವರನ್ನು ಕಂಡರೆ ಆಗದು. ಅತಿವಿನಯಂ ಧೂರ್ತಲಕ್ಷಣಂ ಎಂದು ನಮ್ಮಮ್ಮ ಸುಮ್ಮನೆ ಹೇಳುತ್ತಿರಲಿಲ್ಲ.

ಅವನು ಹಿಂದಿನ ಬೆಂಚಿನಲ್ಲಿ ಕುಳಿತ. ಮನೆಯೊಳಗೆ ತೀರ್ಮಾನ ತೆಗೆದುಕೊಳ್ಳುವವರು ಯಾರು ಎಂಬುದು ಗಿರಿಜಾ ಆರಿಸಿಕೊಂಡಿದ್ದ ವಿಷಯ. ಎರಡು ವಾಕ್ಯ ಆಡಿದರು, ನಿಂತರು. ಮತ್ತೊಂದು ಆಡಿದರು, ಮತ್ತೆ ನಿಂತರು. ಕಣ್ಣು ಹಿಂದಿನ ಬೆಂಚನ್ನು ಬಿಟ್ಟು ಕದಲುತ್ತಿರಲಿಲ್ಲ. ಅವನು ಮುಗುಳ್ನಗುತ್ತಲೇ ಇದ್ದ. ಒಮ್ಮೆ ಮಾತ್ರ ಪೆನ್ನಿನಿಂದ ಡೆಸ್ಕನ್ನು ಮೆಲ್ಲಗೆ ಕುಟ್ಟಿದ. ಆಕೆ ಆಗಷ್ಟೇ ಬರೆದಿದ್ದ ವಾಕ್ಯವನ್ನು ಬೋರ್ಡಿನ ಮೇಲಿಂದ ಅಳಿಸಿಬಿಟ್ಟರು.

"ಕ್ಲಾಸ್ ಕಂಟ್ರೋಲೇ ಇಲ್ವಲ್ಲ ಮೇಡಮ್" ಎಂದು ಪಿಸುಗುಟ್ಟಿ ಪ್ರಭಾಕರ್ ಅಂಕ ಹಾಕಲು ಹೊರಟರು.

"ಇರ್ರೀ ಸ್ವಲ್ಪ" ಎಂದು ತಡೆದೆ. ಗಂಡನ ಕಡೆ ತಿರುಗಿ, ಮಾರ್ಕ್ಸ್ ಕಾರ್ಡುಗಳ ಇನ್ನೊಂದು ಸೆಟ್ ಜೆರಾಕ್ಸ್ ಬೇಕು, ಕ್ಯಾಂಪಸ್ಸಿನ ಅಂಗಡಿ ಮುಚ್ಚಿದೆ, ಮೇನ್ ರೋಡಿಗೇ ಹೋಗಬೇಕು ಎಂದೆ. ಅಂಗಡಿ ತೆರೆದೇ ಇತ್ತು. ಅಗತ್ಯ ಬಿದ್ದರೆ ನನಗೆ ಸುಳ್ಳು ಚೆನ್ನಾಗಿಯೇ ಬರುತ್ತದೆ.

ಅವನ ಬೈಕಿನ ಸದ್ದು ದೂರವಾದ ಮೇಲೆ, "ಮತ್ತೆ ಶುರು ಮಾಡಮ್ಮಾ" ಎಂದೆ. ಅಬ್ಬಾ, ಅದೇ ಹೆಂಗಸೇನಾ ಇದು! ಮನೆಗೆ ಯಾವ ತರಕಾರಿ ಬರಬೇಕು ಎನ್ನುವುದರಿಂದ ಶುರುವಾದ ಪಾಠ, ಸೊಸೆ ಎಷ್ಟು ಓದಬೇಕು, ಯಾರ ಜೊತೆ ಎಷ್ಟು ಹೊತ್ತು ಮಾತಾಡಬೇಕು ಎನ್ನುವಲ್ಲಿಗೆ ಬಂತು. ಹುಡುಗಿಯರು ಬರೆದುಕೊಳ್ಳುವುದನ್ನೇ ಮರೆತರು. ಗಂಡ ಬಾಗಿಲಲ್ಲಿ ಕಾಣಿಸಿಕೊಂಡ, ಮಾತು ಅರ್ಧಕ್ಕೆ ನಿಂತಿತು. ಆ ಅರ್ಧ ಪಾಠಕ್ಕೇ ಆಕೆಯನ್ನು ಆಯ್ಕೆ ಮಾಡಿದೆವು. ಪ್ರಭಾಕರ್ ಕೂಡ ಒಳ್ಳೆಯ ಅಂಕವನ್ನೇ ಹಾಕಿದರು.

ಮಾರನೆಯ ದಿನ ಗಿರಿಜಾಗೆ ಫೋನ್ ಮಾಡಿದರೆ ಎತ್ತಿದ್ದು ಗಂಡನೇ.

"ತುಂಬಾ ಸಂತೋಷ ಮೇಡಮ್. ಒಂದೇ ರಿಕ್ವೆಸ್ಟು. ಅವಳಿಗೆ ಭಯ ಜಾಸ್ತಿ. ಶಿಫ್ಟ್ ಚೇಂಜ್ ಮಾಡಿಸ್ಕೊಂಡು ಪ್ರತಿ ಕ್ಲಾಸಿಗೂ ನಾನೇ ಬಂದು ಹಿಂದೆ ಕೂತಿರ್ತೀನಿ."

"ಅದೆಲ್ಲ ಆಗಲ್ಲ ಕಣ್ರೀ."

"ಹಂಗಾದ್ರೆ ಕಷ್ಟ ಮೇಡಮ್" ಎಂದ. ದನಿ ಒಂಚೂರೂ ಏರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು.

ಕೆಲಸಕ್ಕೆ ಹಾಜರಾಗಬೇಕಾದ ದಿನ ಗಿರಿಜಾ ಒಬ್ಬರೇ ನನ್ನ ಕೊಠಡಿಗೆ ಬಂದರು. ಕೂರು ಎಂದರೂ ಕೂರಲಿಲ್ಲ.

"ಕೆಲಸ ಬೇಡ ಅಂತ ಹೇಳಿ ಬಾ ಅಂತ ಕಳ್ಸಿದಾರೆ ಮೇಡಮ್. ಗೇಟ್ ಹತ್ರ ಕಾಯ್ತಾ ಇದಾರೆ."

"ಅವ್ರು ಹೇಳಿದ್ದಾಯ್ತು. ನೀನೇನ್ ಹೇಳ್ತೀಯಮ್ಮಾ?"

ಆಕೆ ಕಿಟಕಿಯಿಂದ ಗೇಟಿನ ಕಡೆ ಒಮ್ಮೆ ನೋಡಿದರು. ಆಮೇಲೆ, "ಕ್ಲಾಸ್ ಎಷ್ಟು ಗಂಟೆಗೆ ಮೇಡಮ್?" ಎಂದರು.

ಅವನನ್ನು ಒಳಗೆ ಬಿಡಬೇಡಿ ಎಂದು ಸೆಕ್ಯುರಿಟಿಯವರಿಗೆ ಹೇಳಿ, ಕ್ಲಾಸಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕುಳಿತೆ. ಪಾಠ ಮುಗಿದ ಮೇಲೆ ಗಿರಿಜಾ, ಇನ್ನು ಲಗ್ಗೆರೆಗೆ ಹೋಗುವಂತಿಲ್ಲ, ಕೆಂಗೇರಿಯಲ್ಲಿ ಹಳೆಯ ಕ್ಲಾಸ್‌ಮೇಟ್ ಇದ್ದಾಳೆ, ಆ ಮನೆ ಗಂಡನಿಗೆ ಗೊತ್ತಿಲ್ಲ ಎಂದರು. ತಮ್ಮ ಫೋನನ್ನು ನನ್ನ ಮೇಜಿನ ಮೇಲಿಟ್ಟರು. "ಇದು ನನ್ ಹತ್ರ ಇದ್ರೆ ನಾನೆಲ್ಲಿದೀನಿ ಅಂತ ಅವ್ರ ಫೋನಲ್ಲಿ ಕಾಣ್ಸತ್ತೆ." ಹಿಂದಿನ ಗೇಟಿಗೆ ಕರೆದೊಯ್ದು ಆಟೊ ಹತ್ತಿಸಿದೆ. ಸಂಜೆಯವರೆಗೂ ಆ ಫೋನು ಮೇಜಿನ ಮೇಲೆ ಗುರ್‌ಗುಟ್ಟುತ್ತಲೇ ಇತ್ತು. ಕಡೆಗೊಮ್ಮೆ ಸುಮ್ಮನಾಯಿತು. ಚಾರ್ಜ್ ಮುಗಿದಿರಬೇಕು ಎಂದುಕೊಂಡು ಬ್ಯಾಗಿಗೆ ಹಾಕಿಕೊಂಡು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವನು ಕೊಠಡಿಯ ಮುಂದೆ ನಿಂತಿದ್ದ. ಅದೇ ನಗು, ಅದೇ ನಮಸ್ಕಾರ.

"ಫೋನ್ ತಗೊಂಡ್ ಹೋಗೋಣ ಅಂತ ಬಂದೆ ಮೇಡಮ್."

ಕೊಟ್ಟೆ. ನಾಲ್ಕು ಹೆಜ್ಜೆ ಹೋಗಿ ತಿರುಗಿದ. "ನಿಮ್ಮನೆ ಬಸವೇಶ್ವರನಗರ ಅಲ್ವಾ ಮೇಡಮ್? ನಿನ್ನೆ ಫೋನ್ ಅಲ್ಲೇ ತೋರಿಸ್ತಿತ್ತು. ಕಾಂಪೌಂಡಲ್ಲಿ ಸಂಪಿಗೆ ಮರ ಚೆನ್ನಾಗ್ ಬೆಳ್ದಿದೆ."

ಹೆದರಿದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಬೆಳ್ದಿದೆಯಪ್ಪಾ. ನೀನು ನೋಡ್ಕೊಂಡ್ ಹೋದ ವಿಷಯ ಪೊಲೀಸ್ನೋರಿಗೂ ಹೇಳ್ತೀನಿ" ಎಂದೆ. ಅಂದೇ ಹೋಗಿ ದೂರನ್ನೂ ಕೊಟ್ಟೆ.

ಅಭ್ಯರ್ಥಿಯ ಕಡೆಯವರು, ಅಪ್ಪನಾಗಲಿ ಗಂಡನಾಗಲಿ, ಯಾರೂ ಡೆಮೊ ಕ್ಲಾಸಿನೊಳಗೆ ಕಾಲಿಡಕೂಡದು ಎಂದು ಆಮೇಲೆ ನಮ್ಮ ವಿಭಾಗದಲ್ಲಿ ನಿಯಮ ಮಾಡಿಸಿದೆ. ಕೆಲಸ ಬೇಕೋ ಬೇಡವೋ ಎನ್ನುವುದನ್ನು ಬಾಗಿಲು ಹಾಕಿಕೊಂಡು ಅಭ್ಯರ್ಥಿಯ ಬಾಯಿಂದಲೇ ಕೇಳಬೇಕು. ಅಧಿಕಾರ ಚಲಾಯಿಸುವವರು ಕೂಗಾಡಲೇಬೇಕೆಂದಿಲ್ಲ ಎಂದು ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಆದರೆ ಒಬ್ಬಳಿಗೆ ಕೆಲಸ ಕೊಡುವುದೆಂದರೆ ಅವಳ ಭಯದಲ್ಲೂ ಪಾಲು ಹೊರುವುದು ಎಂದು ವೃತ್ತಿ ನನಗೆ ಕಲಿಸಿದ್ದು ಆಗಲೇ. ಗಿರಿಜಾ ಸೆಮಿಸ್ಟರಿಗೊಮ್ಮೆ ಸಂದರ್ಶನ ಕೊಡುತ್ತ ಈಗಲೂ ಅಲ್ಲಿ ಪಾಠ ಮಾಡುತ್ತಿದ್ದಾರೆ. ನಾನು ಈಗಲೂ ಕತ್ತಲಾಗುವ ಮುಂಚೆಯೇ ಮನೆಗೆ ಒಳಗಿನಿಂದ ಬೀಗ ಹಾಕಿಕೊಳ್ಳುತ್ತೇನೆ.